ಗಂಟೆಯ ಬಾಲ

ಮಾರ್ಚ್ ೯
ತಮ್ಮನ ವಾಯ್ಸ್ ಮೆಸೇಜ್

ಅಕ್ಕಾ, ನಾನೇ. ಬಸ್ ತೊಳೆಯೋ ಮೆಷಿನ್ ಈಗಷ್ಟೇ ನಿಲ್ಸಿದ್ರು. ಡಿಪೋ ಹಿಂದಿನ ಮೆಟ್ಟಿಲ ಮೇಲೆ ಕೂತಿದೀನಿ. ಇಲ್ಲಿಗೆ ಬಂದ್ರೆ ಮಾತ್ರ ಯಾರೂ "ಏಯ್, ಆ ಬಕೆಟ್ ತಾ" ಅನ್ನಲ್ಲ.

ನಿನ್ನ ಕಾಗದದ ಫೋಟೊ ಬಂತು. ಅರ್ಧ ಭಾವನ ಹೆಬ್ಬೆರಳೇ ಬಂದಿದೆ, ಆದ್ರೂ ಓದ್ಕೊಂಡೆ. ಗೊಣಗಜ್ಜ ಇಡೀ ಕುರಿಹಿಂಡಿಗೆ ಹೊಸ ಗಂಟೆ ಕೇಳಿದಾರಂತೆ! ಅಪ್ಪ ಹೋದ್ಮೇಲೆ ನಿನ್ನ ಕೈಗೆ ಬಂದಿರೋ ಮೊದಲ ಪೂರ್ತಿ ಹಿಂಡು. ಮೇಲಿನ ಹುಲ್ಲುಗಾವಲಿಗೆ ಹೊರಡೋಷ್ಟ್ರಲ್ಲಿ ಸರಿಯಾಗಿ ಮಾಡಿ ಕೊಟ್ರೆ ಉಳಿದ ಕುರಿಯವರೂ ನಿನ್ ಹತ್ರ ಬರ್ತಾರೆ. ಇಲ್ಲಾಂದ್ರೆ ಎಲ್ಲರೂ ಪೇಟೆಯ ಅಚ್ಚಿನ ಗಂಟೆ ತಗೋತಾರೆ, ನಮ್ಮ ಕುಲುಮೆ ಆರಿಸ್ಬೇಕು. ನೀನು ಅದನ್ನ "ಆದರೆ ಆಗಲಿ" ಅಂತ ಒಂದು ಸಾಲಲ್ಲಿ ಬರ್ದು ಮುಗಿಸಿದೀಯ. ನಿನ್ನ "ಆಗಲಿ" ನನಗೆ ಗೊತ್ತಿಲ್ವಾ?

ಕಿವಿ ವಿಷಯ ಕೇಳಿದ್ಯಲ್ಲ. ಹೂಂ, ನಾನೇ ಆಗ್ತೀನಿ. ಬಡಿದವರು ತೀರ್ಪು ಹೇಳಬಾರ್ದು, ಅವರ ಕಿವಿ ತುಂಬ ಸುತ್ತಿಗೆ ಸದ್ದೇ ಇರತ್ತೆ ಅಂತ ಅಪ್ಪ ಹೇಳ್ತಿದ್ರಲ್ಲ. ಅವರು ಕುಲುಮೆ ಹತ್ರ ಕೂತು ಬಡಿಯೋರು, ನಾನು ಹಳ್ಳದ ಆಚೆ ದಂಡೇಲಿ ನಿಂತು ಕೇಳೋನು. "ಟಣ್" ಆದ್ಮೇಲೆ ಅದರ ಹಿಂದೆ ಎಳ್ಕೊಂಡು ಬರೋ ಆ "ಮ್ಮ್ಮ್" ಇದ್ಯಲ್ಲ, ಆ ಬಾಲ ನನ್ ತನಕ ಬಂದ್ರೆ ಕೈ ಎತ್ತೋದು, ಇಲ್ದಿದ್ರೆ ಕಂಬದ ಥರ ನಿಲ್ಲೋದು. ಈಗ ದಂಡೆ ಸ್ವಲ್ಪ ದೂರ ಆಗಿದೆ ಅಷ್ಟೆ. ನೀನು ರೆಕಾರ್ಡ್ ಮಾಡಿ ಕಳ್ಸು, ಕೇಳಿ ಹೇಳ್ತೀನಿ.

ನನ್ ರೂಮಲ್ಲಿ ಒಬ್ರು ಡ್ರೈವರ್ ಮಾಮ ಇದಾರೆ. ಅವರಿಗೆ ನಿನ್ನ ಕೆಲಸ ವಿವರಿಸ್ತಿದ್ದೆ. ಕಬ್ಬಿಣದ ತಗಡು ಕತ್ತರಿಸಿ, ಮಡಿಸಿ, ಬಡಿದು ಗಂಟೆ ಆಕಾರಕ್ಕೆ ತರ್ತಾಳೆ, ಮೇಲೆ ಹಿತ್ತಾಳೆ ಚೂರು ಇಟ್ಟು, ಹುಲ್ಲು ಕಲಸಿದ ಜೇಡಿಮಣ್ಣಲ್ಲಿ ಪೂರ್ತಿ ಮುಚ್ಚಿ ಬೆಂಕಿಗೆ ಹಾಕ್ತಾಳೆ, ಒಳಗೆ ಹಿತ್ತಾಳೆ ಕರಗಿ ತಗಡಿನ ಮೈಗೆಲ್ಲ ಹರಡ್ಕೊಳತ್ತೆ ಅಂತ. "ಮಣ್ಣು ಮುಚ್ಚಿದ್ರೆ ಕರಗಿದೆ ಅಂತ ಹೇಗೆ ಗೊತ್ತಾಗತ್ತೆ?" ಅಂದ್ರು. ಆ ಮಣ್ಣಿನ ಉಂಡೆ ಮೇಲೆ ಏಳೋ ಉರಿಯ ಬಣ್ಣ ನೋಡಿ ನಮ್ಮಕ್ಕ "ಈಗ" ಅಂತಾಳೆ ಅಂದೆ. "ತಡ ಆದ್ರೆ?" "ನಮ್ಮಕ್ಕ ತಡ ಮಾಡಲ್ಲ."


ಮಾರ್ಚ್ ೧೪
ಅಕ್ಕನ ಕಾಗದ

ಲೋ ಕಿವುಡಪ್ಪ,

ಹತ್ತಿರದಿಂದ ಕೂಗಿದರೆ ಓಗೊಡದೆ, ಬೆಟ್ಟದಾಚೆಯ ಗಂಟೆಗೆ ಮಾತ್ರ ಕತ್ತು ತಿರುಗಿಸುತ್ತಿದ್ದವನಿಗೆ ಅಮ್ಮ ಇಟ್ಟ ಹೆಸರು. ಊರು ಬಿಟ್ಟೆ ಅಂತ ಬದಲಾಯಿಸುವುದಿಲ್ಲ.

ನೀನು ಒಪ್ಪಿದ್ದು ಒಳ್ಳೆಯದಾಯಿತು. ನಿನ್ನನ್ನು ಕೇಳುವ ಮೊದಲು ನಿನ್ನ ಭಾವನನ್ನೇ ಆಚೆ ದಂಡೆಯಲ್ಲಿ ನಿಲ್ಲಿಸಿ, ಹಳೆಯ ಗಂಟೆಗಳನ್ನು ಬಡಿದು ನೋಡಿದ್ದೆ. ಎಲ್ಲಕ್ಕೂ ಕೈ ಎತ್ತಿದರು. ಅನುಮಾನ ಬಂದು ಊಟದ ತಟ್ಟೆ ಬಡಿದೆ. ಅದಕ್ಕೂ ಎತ್ತಿದರು. "ನೀನು ಏನು ಬಡಿದ್ರೂ ಚೆನ್ನಾಗೇ ಕೇಳತ್ತೆ ಕಣೇ" ಎಂದರು. ಇಂಥವರ ಜೊತೆ ಸಂಸಾರ ಮಾಡಬಹುದು, ಗಂಟೆ ಮಾಡಲಾಗದು.

ಸುಡುವುದು ಮುಗಿಯಿತು. ಮಣ್ಣು ಒಡೆದು ನೋಡಿದರೆ ಎಲ್ಲೂ ಹಿತ್ತಾಳೆ ಬಿಟ್ಟ ಜಾಗವಿಲ್ಲ. ಉಜ್ಜಿ ಸಾಲಾಗಿ ನೇತುಹಾಕಿದ್ದೇನೆ. ಇನ್ನುಳಿದದ್ದು ಅಂಚು ಬಡಿದು ದನಿ ಕೂರಿಸುವುದು. ಮುಂದೆ ನಡೆಯುವ ಟಗರಿನದು ದೊಡ್ಡದು, ಕುರಿಗಳದು ನಡುವಿನದು, ಮರಿಗಳದು ಚಿಕ್ಕದು. ದನಿ ಬೇರೆ ಬೇರೆಯಾದರೂ ಒಂದೇ ಮನೆಯವರು ಮಾತಾಡಿದ ಹಾಗಿರಬೇಕು. ಅಂಚಿಗೆ ಒಂದು ಏಟು ಹೆಚ್ಚು ಬಿದ್ದರೆ ಆ ಗಂಟೆ ಮನೆ ಬಿಟ್ಟು ಹೋದ ಹಾಗೆ. ನಿನ್ನಂತೆ.

ನನ್ನ ಕಿವಿಗೇನೋ ಬಾಲ ಇದೆ ಅನ್ನಿಸುತ್ತದೆ. ಆದರೆ ಬಡಿದವಳು ನಾನು. ನೀನು ಹೇಳು. ಮೂರು ಗಂಟೆಯ ಸದ್ದು ಕಳಿಸುತ್ತಿದ್ದೇನೆ. ಸಿಗ್ನಲ್ ಸಿಗಬೇಕಾದರೆ ದಿಬ್ಬ ಹತ್ತಬೇಕು. ನಿನ್ನ ಭಾವ ಹತ್ತುತ್ತಾರೆ, ಹೊಟ್ಟೆಯೂ ಸ್ವಲ್ಪ ಕರಗಲಿ.


ಮಾರ್ಚ್ ೧೬
ತಮ್ಮನ ವಾಯ್ಸ್ ಮೆಸೇಜ್

ಅಕ್ಕಾ, ಕೇಳ್ದೆ. ಇಯರ್‌ಫೋನ್ ಹಾಕ್ಕೊಂಡು, ಕಂಬಳಿ ಹೊದ್ಕೊಂಡು, ಮಾಮನ ಗೊರಕೆ ಕೂಡ ಕೇಳಿಸದ ಹಾಗೆ ಕೇಳ್ದೆ.

"ಟಣ್" ತುಂಬಾ ಚೆನ್ನಾಗಿದೆ. ಮೂರೂ ಒಂದೇ ಮನೆಯವು, ಅನುಮಾನವೇ ಇಲ್ಲ. ಆದ್ರೆ ಬಾಲ ಇಲ್ಲ ಅಕ್ಕಾ. ಟಣ್ ಅಂತು, ಕತ್ತರಿಸಿದ ಹಾಗೆ ನಿಂತೋಯ್ತು. ಮೂರಕ್ಕೂ ಹಾಗೇ. ಅಂಚು ಸ್ವಲ್ಪ ದಪ್ಪ ಉಳ್ದಿದ್ಯೇನೋ? ಅಪ್ಪ ಹಾಗಾದಾಗ ಗಂಟೆ ಬಾಯಿಯ ಸುತ್ತ ಹಗುರವಾಗಿ ಬಡಿದು ತೆಳ್ಳಗೆ ಮಾಡ್ತಿದ್ರು. ಹಾಗೆ ಮಾಡಿ ನೋಡು.

ಬೇಜಾರ್ ಮಾಡ್ಕೋಬೇಡ. ನೀನೇ ಕೇಳಿದ್ದು. ಇಲ್ದಿದ್ರೆ ಭಾವನ ಥರ ನಾನೂ ಕೈ ಎತ್ತಿರ್ತಿದ್ದೆ.


ಮಾರ್ಚ್ ೨೪
ಅಕ್ಕನ ಕಾಗದ

ಕಿವುಡಪ್ಪ,

ನೀನು ಹೇಳಿದ ಹಾಗೆ ಬಾಯಿಯ ಸುತ್ತ ಬಡಿದೆ. ಎಲ್ಲ ಗಂಟೆಗಳಿಗೂ. ನಿನ್ನ ಮಾತು ಬರುವ ಹಿಂದಿನ ದಿನದವರೆಗೂ ನನಗೆ ಅವು ಸರಿ ಕೇಳಿಸುತ್ತಿದ್ದವು, ಈಗ ಸ್ವಲ್ಪ ಕೀರಲು ಅನ್ನಿಸುತ್ತಿದೆ. ಆದರೆ ಈ ಕಿವಿಯನ್ನು ನಂಬುವುದು ಹೇಗೆ? ಮಲಗಿದ ಮೇಲೂ ಅದರಲ್ಲಿ ಸುತ್ತಿಗೆ ಬಡಿಯುತ್ತಿರುತ್ತದೆ.

ಅವೇ ಮೂರರ ಸದ್ದು ಮತ್ತೆ ಕಳಿಸಿದ್ದೇನೆ. ಗೊಣಗಜ್ಜ ಬಾಗಿಲಲ್ಲಿ ನಿಂತು, "ಇನ್ನೂ ಬಡೀತಾನೇ ಇದೀಯಲ್ಲಮ್ಮಾ, ಇದು ಗಂಟೆನೋ ರೊಟ್ಟಿನೋ?" ಎಂದು ಗೊಣಗಿ ಹೋದರು.


ಮಾರ್ಚ್ ೨೭
ತಮ್ಮನ ವಾಯ್ಸ್ ಮೆಸೇಜ್

ಅಕ್ಕಾ... ಇನ್ನೂ ಇಲ್ಲ.

ತುಂಬಾ ಹೊತ್ತು ಯೋಚನೆ ಮಾಡ್ದೆ ಹೇಳೋದೋ ಬೇಡ್ವೋ ಅಂತ. ಬಾಲ ಬಂದಿಲ್ಲ, ಮೇಲಾಗಿ ದನಿ ಸ್ವಲ್ಪ ತೆಳ್ಳಗಾಗಿದೆ. ಇನ್ನೊಂದು ಸಲ... ಇಲ್ಲ, ಗೊತ್ತಿಲ್ಲ. ಇನ್ನೊಂದು ಸಲ ನೋಡು. ಅಪ್ಪನ ಸುತ್ತಿಗೇನೇ ತಾನೇ ಬಳಸ್ತಿರೋದು? ಚಿಕ್ಕದು, ಹಿಡಿ ಸವೆದಿರೋದು? ನಿನಗೆ ಗೊತ್ತಿರೋದನ್ನೇ ಕೇಳ್ತಿದೀನಿ, ಬೈಬೇಡ.

ಇಲ್ಲಿ ಎಲ್ಲ ಮಾಮೂಲು. ಬಸ್ಸು ತೊಳಿತೀವಿ, ಬೆಳಗ್ಗೆ ಹೋಗತ್ತೆ, ರಾತ್ರಿ ಮತ್ತೆ ಅದೇ ಕೊಳೆ ಹೊತ್ಕೊಂಡು ಬರತ್ತೆ. ನೀನು ಒಂದು ಗಂಟೆ ಮಾಡಿದ್ರೆ ಅದು ಕುರಿಗಿಂತ ಜಾಸ್ತಿ ಬದುಕತ್ತೆ. ಅದಕ್ಕೇ ಇಷ್ಟೊಂದು ತಲೆ ತಿಂತೀನಿ ಅನ್ಕೋ.


ಏಪ್ರಿಲ್ ೬
ಅಕ್ಕನ ಕಾಗದ

ಕೆಲಸ ನಡೆಯುತ್ತಿದೆ. ಈ ಸಲ ಕಳಿಸಲು ಸದ್ದು ಇಲ್ಲ.

ಒಂದು ಕೇಳಬೇಕಿತ್ತು. ಆ ಬಸ್ ತೊಳೆಯುವ ಮೆಷಿನ್ನಿನ ಪಕ್ಕದಲ್ಲೇ ರಾತ್ರಿಯೆಲ್ಲ ನಿಂತಿರುತ್ತೀಯಾ? ಕಿವಿಗೆ ಏನಾದರೂ ಇಟ್ಟುಕೊಳ್ಳುತ್ತೀಯಾ, ಇಲ್ಲವಾ? ಸುಮ್ಮನೆ ಕೇಳಿದೆ.

ಭಾವ ಚೆನ್ನಾಗಿದ್ದಾರೆ.


ಏಪ್ರಿಲ್ ೮
ತಮ್ಮನ ವಾಯ್ಸ್ ಮೆಸೇಜ್

ಸುಮ್ನೆ ಕೇಳಿದ್ಯಂತೆ! ಅಕ್ಕಾ, ನೀನು ಹುಟ್ಟಿದಾಗಿಂದ ಏನನ್ನೂ ಸುಮ್ನೆ ಕೇಳಿಲ್ಲ. ನನ್ನ ಕಿವಿ ಕೆಟ್ಟಿದೆ ಅಂತ ತಾನೇ?

ಸರಿ. ಇದೊಂದು ಕೇಳು. ಯಾರು ಮಾಡಿದ್ದು ಅಂತ ಈಗ ಹೇಳಲ್ಲ. ಕೇಳಿ, ಬಾಲ ಇದ್ಯೋ ಇಲ್ವೋ ನೀನೇ ಹೇಳು. ನಿನ್ನ ಕಿವಿ ಏನನ್ನತ್ತೆ ನೋಡೋಣ.

(ಟಣ್.)

ಇನ್ನೊಂದು ಸಲ.

(ಟಣ್.)

ಅಷ್ಟೆ. ಕೋಪ ಇಲ್ಲ. ಸ್ವಲ್ಪ ಇದೆ.


ಏಪ್ರಿಲ್ ೧೧
ಅಕ್ಕನ ಕಾಗದ

ಕಿವುಡಪ್ಪ ಮಹಾಸ್ವಾಮಿಗಳೇ,

ತಮ್ಮ ಪರೀಕ್ಷೆ ತಲುಪಿತು. ದಿಬ್ಬದ ಮೇಲೆ ನಾನೇ ಹೋಗಿ ಕೂತು, ಗಾಳಿ ನಿಂತ ಮೇಲೆ, ಫೋನ್ ಕಿವಿಗೆ ಒತ್ತಿ ಕೇಳಿದೆ. ತೀರ್ಪು ಹೇಳಲಾ? ಸತ್ತ ಗಂಟೆ. ಟಣ್ ಅಂದು ಬಾಯಿ ಮುಚ್ಚಿಕೊಳ್ಳುತ್ತದೆ. ಪೇಟೆಯಲ್ಲಿ ಅಚ್ಚಿಗೆ ಎರೆದದ್ದು ಇರಬೇಕು, ಅದೂ ಅವಸರದಲ್ಲಿ. ಕುರಿಗಿರಲಿ, ಬಾಗಿಲಿಗೂ ಕಟ್ಟಬೇಡ, ಬಂದವರು ಹಾಗೇ ಹಿಂದಿರುಗಿಯಾರು. ಯಾವ ಪುಣ್ಯಾತ್ಮನ ಕೈ ಇದು? ನನ್ನವು ಇಷ್ಟು ಕೆಟ್ಟಿಲ್ಲ ಅಂತ ಸಮಾಧಾನವಾಯಿತು.

ಬಡಿದವಳು ನಾನಲ್ಲ, ಆದ್ದರಿಂದ ನನ್ನ ತೀರ್ಪು ನಡೆಯುತ್ತದೆ.


ಏಪ್ರಿಲ್ ೧೨
ತಮ್ಮನ ವಾಯ್ಸ್ ಮೆಸೇಜ್

ಅಕ್ಕಾ. ಅದು ಅಪ್ಪ ಮಾಡಿದ ಗಂಟೆ.

ನಾನು ಹೊರಟ ದಿನ ಬಸ್ಸಿನ ಕಿಟಕಿಯಿಂದ ಕೈಗೆ ಕೊಟ್ಟಿದ್ರು. ನಿನಗೆ ಹೇಳಿರ್ಲಿಲ್ಲ, ನೀನು "ಅದ್ಯಾಕೆ ನಿನಗೆ, ಅಲ್ಲಿ ಕುರಿ ಸಾಕ್ತೀಯಾ" ಅಂತಿದ್ದೆ. ಇಲ್ಲಿ ಕಿಟಕಿ ಸರಳಿಗೆ ಕಟ್ಟಿದೀನಿ. ಅದರ ಬಾಲ ಎಷ್ಟುದ್ದ ಅಂದ್ರೆ ಮಾಮ ಒಂದಿನ ಎದ್ದು ಕೂತು "ಹೊರಗೆ ಯಾರೋ ಗುನುಗ್ತಿದಾರೆ" ಅಂದಿದ್ರು. ಅದನ್ನ ನೀನು ಸತ್ತ ಗಂಟೆ ಅಂದೆ!

ನಿನ್ನ ಕಾಗದ ಓದಿ ಮೊದಲು ನಗು ಬಂತು. ನೋಡು, ಅಕ್ಕನ ಕಿವೀನೇ ಹೋಗಿದೆ ಅಂದ್ಕೊಂಡೆ. ಆಮೇಲೆ ನಾನು ಕಳಿಸಿದ್ದನ್ನ ನಾನೇ ಹಾಕ್ಕೊಂಡು ಕೇಳ್ದೆ. ಇಲ್ಲ ಅಕ್ಕಾ! ಬಾಲ ಇಲ್ಲ! ಗಂಟೆ ಬಡಿದೆ, ಇದೆ. ಫೋನಲ್ಲಿ ಕೇಳ್ದೆ, ಇಲ್ಲ. ಮತ್ತೆ ಬಡಿದೆ, ಇದೆ. ಕೆಳಗಡೆ ಫೋನ್ ರಿಪೇರಿ ಮಾಡೋ ಹುಡುಗಿ ಹತ್ರ ಓಡಿದೆ. ಅವಳು ತಲೆನೂ ಎತ್ತದೆ ಹೇಳಿದ್ಲು, ಒಂದೇ ಸಮ ಎಳೆಯೋ ಸದ್ದನ್ನ ಫೋನು ಗಲಾಟೆ ಅಂದ್ಕೊಳತ್ತೆ, ಫ್ಯಾನ್ ಸದ್ದು ಮೆಷಿನ್ ಸದ್ದು ಅಳಿಸೋ ಹಾಗೆ ಅಳಿಸ್ಬಿಡತ್ತೆ, ಮಾತು ಮಾತ್ರ ಉಳಿಸತ್ತೆ ಅಂತ.

ಅಂದ್ರೆ ನಿನ್ನ ಗಂಟೆಗಳು ಮೊದಲನೇ ದಿನವೇ ಸರಿ ಇದ್ವು. ಸರಿ ಇದ್ದಿದ್ದನ್ನ ನಾನು ಬಡಿ ಬಡಿ ಅಂದೆ. ಎಷ್ಟು ಹಾಳಾಗಿವೆ? ನಿಜ ಹೇಳು. ಸದ್ದು ಕಳಿಸಲ್ಲ ಅಂದಾಗಲೇ ನಾನು ಕೇಳಬೇಕಿತ್ತು.

ನಾನು ಬರ್ತೀನಿ. ಕೆಲಸ ಹೋದ್ರೆ ಹೋಗಲಿ, ಬಸ್ಸು ತೊಳೆಯೋಕೆ ನೂರು ಜನ ಸಿಗ್ತಾರೆ. ಆಚೆ ದಂಡೇಲಿ ನಿಲ್ಲೋಕೆ ನಾನೊಬ್ನೇ ಅಲ್ವಾ?


ಏಪ್ರಿಲ್ ೧೫
ಅಕ್ಕನ ಕಾಗದ

ತಮ್ಮಾ,

ಅಪ್ಪನ ಗಂಟೆಯನ್ನು ಸತ್ತದ್ದು ಎಂದ ಬಾಯಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕುಲುಮೆಯ ಮುಂದೆ ಕೂತು ಅತ್ತು, ಆಮೇಲೆ ನಕ್ಕೆ. ನಿನ್ನ ಭಾವ ಎರಡಕ್ಕೂ ನೀರು ತಂದುಕೊಟ್ಟರು.

ನಿಜ ಹೇಳು ಎಂದೆಯಲ್ಲ. ಹೇಳುತ್ತೇನೆ. ಎಲ್ಲವೂ ಹಾಳಾದವು. ಅಂಚು ತೆಳ್ಳಗಾಗಿ ಕೀರಲು ಬಿದ್ದವು, ಎರಡು ಸೀಳಿದವು. ಟಗರಿನ ಗಂಟೆ ಸೀಳಿದ ದಿನವೇ ನಿನ್ನ ಮೆಷಿನ್ನಿನ ವಿಷಯ ಬರೆದದ್ದು. ನಿನ್ನ ಕಿವಿಯ ಮೇಲೆ ಅನುಮಾನ ಬಂದಿತ್ತು, ನನ್ನ ಕೈಯ ಮೇಲೂ. ಪಾಪ, ಕೈಯೂ ಸರಿ ಇತ್ತು, ಕಿವಿಯೂ ಸರಿ ಇತ್ತು.

ಮತ್ತೆ ತಗಡು ಕತ್ತರಿಸಲು ಶುರು ಮಾಡಿದ್ದೇನೆ. ಗೊಣಗಜ್ಜ ಮೇಲೆ ಹೊರಡುವುದಕ್ಕೆ ಇನ್ನೂ ಸ್ವಲ್ಪ ಸಮಯವಿದೆ. "ಮಂಜು ಬರ್ಲಿ, ಆಗ ನೋಡ್ತೀನಿ" ಎಂದಿದ್ದಾರೆ.

ನೀನು ಬರಬೇಡ. ಹೀಗೆ ಓಡಿ ಬಂದರೆ ಮುಂದಿನ ಹಿಂಡಿಗೂ ಓಡಿ ಬರಬೇಕು, ಅದರ ಮುಂದಿನದಕ್ಕೂ. ನಾನೊಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಕೇಳಬೇಡ. ಸದ್ದನ್ನೂ ಕಳಿಸುವುದಿಲ್ಲ.


ಮೇ ೨
ತಮ್ಮನ ವಾಯ್ಸ್ ಮೆಸೇಜ್

ಅಕ್ಕಾ, ಕಾಗದ ಇಲ್ಲ, ಭಾವನ ಹೆಬ್ಬೆರಳೂ ಇಲ್ಲ. ಏನ್ ನಡೀತಿದೆ ಅಲ್ಲಿ?

ಇವತ್ತು ಬಸ್ಸಿನ ಗಾಜು ಒರೆಸ್ತಾ ಇದ್ದೆ. ಆಚೆ ಕಡೆಯಿಂದ ಮಾಮ ಏನೋ ಹೇಳ್ತಿದ್ರು. ಬಾಯಿ ಕಾಣ್ತಿದೆ, ಮಾತು ಕೇಳ್ತಿಲ್ಲ. ನಿನ್ನ ನೆನಪಾಯ್ತು. ನೀನು ಗಂಟೆ ಹಿಡ್ಕೊಂಡು ನಿಂತಿರೋದು ಕಾಣತ್ತೆ ನನಗೆ. ತಲೆಗೆ ಕಟ್ಟಿದ ಬಟ್ಟೆ, ಮಸಿ ಮೆತ್ತಿದ ಮೊಣಕೈ, ಸುತ್ತಿಗೆ ಎತ್ತೋ ಮುಂಚೆ ಉಸಿರು ಹಿಡಿಯೋದು, ಎಲ್ಲಾ ಕಾಣತ್ತೆ. ಕೇಳೋದೊಂದಿಲ್ಲ.

ಮಾಮ ದಿನಾ ಕೇಳ್ತಾರೆ, "ನಿಮ್ಮಕ್ಕನ ಗಂಟೆ ಏನಾಯ್ತೋ?" ಅಂತ. "ಆಗತ್ತೆ" ಅಂತೀನಿ. ಧೈರ್ಯವಾಗೇ ಅಂತೀನಿ. ಆದ್ರೆ ಒಂದು ಸಾಲಾದ್ರೂ ಬರಿಯೇ.


ಮೇ ೯
ಅಕ್ಕನ ಕಾಗದ

ಲೋ ಕಿವುಡಪ್ಪ,

ನಿಧಾನವಾಗಿ ಓದು, ಬಸ್ಸು ಎಲ್ಲೂ ಓಡಿಹೋಗುವುದಿಲ್ಲ.

ಇವತ್ತು ಮಂಜು ಬಂತು. ಎಂಥ ಮಂಜು ಅಂದರೆ ಗೊಣಗಜ್ಜ ಎದುರಿಗೇ ನಿಂತಿದ್ದರೂ ಅವರ ಗೊಣಗು ಮಾತ್ರ ಬಂದಿದೆ ಅನ್ನಿಸುತ್ತಿತ್ತು. ಗಂಟೆಗಳನ್ನೆಲ್ಲ ಕುರಿಗಳ ಕೊರಳಿಗೆ ಕಟ್ಟಿದೆವು. ಆಚೆ ಮನೆಯ ಕುರಿಯಣ್ಣನಿಗೂ ಬರಹೇಳಿದ್ದರು. ಅವನ ಹಿಂಡಿಗೆ ಪೇಟೆಯ ಗಂಟೆ. ಎರಡೂ ಹಿಂಡನ್ನು ಒಂದೇ ಇಳಿಜಾರಿಗೆ ಬಿಟ್ಟರು. ಅವು ಮಂಜಿನೊಳಗೆ ಹೋಗಿ ಮಾಯವಾದವು. ಗೊಣಗಜ್ಜ ಕಲ್ಲಿನ ಮೇಲೆ ಕೂತು, ಬೆಟ್ಟಕ್ಕೆ ಬೆನ್ನು ತಿರುಗಿಸಿ, ನನ್ನ ಮುಖವನ್ನೇ ನೋಡುತ್ತ ಕೇಳತೊಡಗಿದರು. ನಾನು ನೆಲ ನೋಡಿದೆ.

ಆಮೇಲೆ ತಮ್ಮಷ್ಟಕ್ಕೆ ಶುರು ಮಾಡಿದರು. "ಟಗರು ದೊಡ್ಡ ಬಂಡೆ ದಾಟ್ತು. ಕುಂಟಿ ಹಿಂದೆ ಉಳ್ಕೊಂಡ್ಲು, ಎಂದಿನ ಹಾಗೆ. ಕರಿ ಕುರಿ ಎಲ್ಲಿ... ಹಾಂ, ತೊರೆ ಹತ್ರ ಇದಾಳೆ, ನೀರು ಕುಡೀತಿದಾಳೆ." ಕುರಿಯಣ್ಣ ಕಿವಿಯ ಹಿಂದೆ ಕೈ ಇಟ್ಟು ನಿಂತಿದ್ದ. ತನ್ನವು ಎಲ್ಲಿವೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಗೊಣಗಜ್ಜ ಎದ್ದು ಅವನ ಮೇಲೆ ರೇಗಿದರು. "ಏನಯ್ಯಾ, ನನ್ನ ಎರಡು ಮರಿ ನಿನ್ನ ಹಿಂಡಿಗೆ ಸೇರ್ಕೊಂಡಿವೆ, ಬಾಯಿ ಮುಚ್ಕೊಂಡು ನಿಂತಿದೀಯಲ್ಲ!" ನಾಯಿಯನ್ನು ಕಳಿಸಿದರು. ಅದು ಮಂಜಿನೊಳಗಿಂದ ಎರಡು ಮರಿಗಳನ್ನು ಅಟ್ಟಿಕೊಂಡು ಬಂತು. ನನ್ನ ಗಂಟೆಯವೇ.

ಆಮೇಲೆ ಕೋಲು ತೆಗೆದುಕೊಂಡು ಹೊರಟರು. ಚೆನ್ನಾಗಿದೆ ಅನ್ನಲಿಲ್ಲ. ಹತ್ತು ಹೆಜ್ಜೆ ಹೋಗಿ ತಿರುಗಿ, "ಅಲ್ಲಮ್ಮಾ, ಇಷ್ಟು ದೂರಕ್ಕೂ ಕೇಳ್ಸಿದ್ರೆ ನಾನು ನಿದ್ದೆ ಮಾಡೋದು ಯಾವಾಗ?" ಎಂದರು. ಅವರು ಕಾಣದಾದ ಮೇಲೂ ಟಗರಿನ ಗಂಟೆ ಕೇಳುತ್ತಲೇ ಇತ್ತು. ಒಂದು ದನಿ ಮುಗಿಯುವ ಮುಂಚೆ ಇನ್ನೊಂದು ಅದರ ಬಾಲ ಹಿಡಿದುಕೊಂಡು ಹೋಗುತ್ತಿತ್ತು. ನನ್ನ ಕಿವಿಯಲ್ಲಿ ಸುತ್ತಿಗೆ ಇರಲಿಲ್ಲ.

ಕುರಿಯಣ್ಣ ಹೋಗಲಿಲ್ಲ. ತನ್ನ ಗಂಟೆಯೊಂದನ್ನು ಬಿಚ್ಚಿ ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಕುಲುಮೆ ಮತ್ತೆ ಯಾವಾಗ ಹೊತ್ತಿಸ್ತೀಯಮ್ಮಾ?" ಎಂದ.

"ಆರಿಸಿದ್ದು ಯಾವಾಗ?" ಎಂದೆ.

ಇಷ್ಟೇ ಸಮಾಚಾರ.

ಇದು ಭಾವ ಬರೀತಿರೋದು. ಅವಳು ಒಳಗೆ ಹೋದ್ಲು, ಬೇಗ ಬೇಗ ಬರೀತೀನಿ. ಅವಳು ಹೇಳ್ದೆ ಬಿಟ್ಟಿದ್ದು ಇದು. ದಾರಿ ಅಂದ್ಲಲ್ಲ, ಏನು ಗೊತ್ತಾ? ಒಂದು ಏಟು ಹಾಕೋದು, ಗಂಟೆ ನನ್ ಕೈಗೆ ಕೊಡೋದು, ತಾನು ಹಳ್ಳ ದಾಟಿ ಆಚೆ ದಂಡೆಗೆ ಹೋಗೋದು. ನಾನು ಇಲ್ಲಿ ಅಲ್ಲಾಡಿಸ್ಬೇಕು, ಅವಳು ಅಲ್ಲಿ ಕೇಳ್ಬೇಕು. ಮತ್ತೆ ದಾಟಿ ಬಂದು ಇನ್ನೊಂದು ಏಟು. ಮತ್ತೆ ಹಳ್ಳ. ಪ್ರತಿ ಗಂಟೆಗೂ ಹೀಗೇ ಮಾರಾಯಾ! ಮೇಲೆ ಹಿಮ ಕರಗ್ತಿದೆ, ದಾಟೋ ಕಲ್ಲುಗಳು ಮುಳುಗಿವೆ, ನೀರು ಮೊಣಕಾಲ ತನಕ. ಬೇಡ ಅಂದ್ರೆ, ಹಳ್ಳ ದಾಟೋಷ್ಟ್ರಲ್ಲಿ ಕಿವೀಲಿರೋ ಸುತ್ತಿಗೆ ಸದ್ದು ತೊಳ್ಕೊಂಡು ಹೋಗತ್ತೆ ಅಂತಾಳೆ. ಕಾಲು ಒಡೆದು ರಕ್ತ ಬಂದಿದೆ. ನಾನು ಹೇಳಿದೆ ಅಂತ ಹೇಳ್ಬೇಡ. ಬಂದ್ಲು.


ಮೇ ೧೦
ತಮ್ಮನ ವಾಯ್ಸ್ ಮೆಸೇಜ್

ಅಕ್ಕಾ.

ಮಾಮಂಗೆ ಓದಿ ಹೇಳ್ದೆ. ಗೊಣಗಜ್ಜ ತಿರುಗಿ ನಿಂತ ಕಡೆ ಬಂದಾಗ ಅವರು ಹಾಸಿಗೆ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಪಕ್ಕದ ರೂಮಿನವರು ಗೋಡೆ ಬಡಿದ್ರು. ಬಡೀಲಿ.

ಅಪ್ಪನಿಗೂ ಇದು ಹೊಳೆದಿರ್ಲಿಲ್ಲ ನೋಡು. ಬಡಿಯೋರು ಒಬ್ರು, ಕೇಳೋರು ಇನ್ನೊಬ್ರು ಅಂತಲೇ ಇದ್ರು. ನೀನು ಇಬ್ರೂ ಆದೆ. ಮಧ್ಯೆ ಹಳ್ಳ ಇಟ್ಕೊಂಡು ಇಬ್ರಾದೆ. ನಾನು ಇಷ್ಟು ದಿನ ಏನೋ ದೊಡ್ಡ ಕಿವಿ ಅಂತ ಮೆರೀತಿದ್ದೆ, ನಿಂತಲ್ಲೇ ನಿಂತು ಕೈ ಎತ್ತಿದ್ದು ಬಿಟ್ರೆ ಮಾಡಿದ್ದೇನು?

ಯಾರು ಹೇಳಿದ್ರು ಅಂತ ಕೇಳ್ಬೇಡ, ಭಾವನ್ನ ಬೈಲೂಬೇಡ.

ಕುರಿಯಣ್ಣನ ಹಿಂಡಿಗೆ ದನಿ ಕೂರಿಸೋ ಹೊತ್ತಿಗೆ ರಜಾ ಕೇಳಿದೀನಿ. ಕೊಟ್ಟಿದಾರೆ, ಕೆಲಸ ಬಿಡ್ತಿಲ್ಲ, ಹೆದರ್ಬೇಡ. ಆದ್ರೆ ಗಂಟೆ ಕೇಳೋಕೆ ಬರ್ತಿಲ್ಲ. ನಾನು ಈ ಕಡೆ ಕುಲುಮೆ ಹತ್ರ ಕೂತು ಗಂಟೆ ಅಲ್ಲಾಡಿಸ್ತೀನಿ. ಆಚೆ ದಂಡೆ ನಿಂದು.

ಆಮೇಲೆ, ಇಲ್ಲಿ ಡಿಪೋದಲ್ಲಿ ನಮಗೆ ರಬ್ಬರ್ ಬೂಟು ಕೊಡ್ತಾರೆ, ಮೊಣಕಾಲ ಮೇಲೆ ಬರೋದು. ರಾತ್ರಿಯೆಲ್ಲ ನೀರಲ್ಲಿ ನಿಂತ್ರೂ ಒಂದು ಹನಿ ಒಳಗೆ ಬರಲ್ಲ. ಅಂಥದ್ದೇ ಒಂದು ಜೊತೆ ಅಂಗಡೀಲಿ ನೋಡಿಟ್ಟಿದೀನಿ. ನಿನ್ನ ಪಾದ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳಿ. ಫೋಟೊ ಬೇಡ ಅಕ್ಕಾ, ಫೋಟೊದಲ್ಲಿ ಅಳತೆ ಬರಲ್ಲ. ಆ ಕಾಗದವನ್ನೇ ಬಸ್ಸಲ್ಲಿ ಕೊಟ್ಟು ಕಳ್ಸು.